ಚಿಲಕವಿಲ್ಲದ ಮನೆಯವನ ಓದು

ಸಂಪಾದಕರು ಈ ವಿಶೇಷ ಸಂಚಿಕೆಗೆ ಬರೆಯಲು ಕೇಳಿದಾಗ, ನಾನು ವಿಮರ್ಶಕನಲ್ಲ, ಬರೀ ಓದುಗ ಎಂದು ತಪ್ಪಿಸಿಕೊಳ್ಳಲು ನೋಡಿದೆ. 'ಓದುಗನಾಗೇ ಬರೀರಿ, ವಿಮರ್ಶಕರು ಸಾಕಷ್ಟಿದ್ದಾರೆ' ಎಂದರು. ಹಾಗಾಗಿ ಇದು ಸಿದ್ಧಾಂತವಲ್ಲ, ಒಬ್ಬ ಓದುಗನ ಅನಿಸಿಕೆ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕರೆಂಟು, ಜನರೇಟರು ನೋಡಿಕೊಳ್ಳುವವನು. ರಾತ್ರಿ ಪಾಳಿಯಲ್ಲಿ ಕರೆಂಟು ಹೋಗದಿದ್ದರೆ ಮೂರು ನಾಲ್ಕು ಗಂಟೆ ಓದಬಹುದು. ನನ್ನ ಸಾಹಿತ್ಯಾಭ್ಯಾಸಕ್ಕೆ ನಾನು ಋಣಿಯಾಗಿರುವುದು ಯಾವ ವಿಶ್ವವಿದ್ಯಾಲಯಕ್ಕೂ ಅಲ್ಲ, ಬೆಸ್ಕಾಂಗೆ.

ಈಚೆಗೆ ನಾನು ಓದುತ್ತಿರುವುದು ಎರಡು ಬಗೆಯ ಪುಸ್ತಕ. ಒಂದು, ಇಂಗ್ಲಿಷಿನವರು ಯಂಗ್ ಅಡಲ್ಟ್ ಎಂದು ಕರೆಯುವ, ಹರೆಯದ ಹುಡುಗ ಹುಡುಗಿಯರಿಗೆಂದೇ ಬರೆದ ಕತೆಗಳು. ಇನ್ನೊಂದು, ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಯಸುವ, ಗಂಡೆಂದು ಹೆಸರಿಡಿಸಿಕೊಂಡು ತಾನು ಹೆಣ್ಣೆಂದು ಅರಿತುಕೊಳ್ಳುವ ಬದುಕಿನ ಬರಹ. ಕ್ವಿಯರ್ ಸಾಹಿತ್ಯ ಎಂದು ಈಗ ಕರೆಯುತ್ತಾರೆ. 'ದಲಿತ ವಿಮರ್ಶೆಗೂ ಇದಕ್ಕೂ ಏನ್ರೀ ಸಂಬಂಧ?' ಎಂದು ಕೇಳುವ ಗೆಳೆಯರಿದ್ದಾರೆ. ಚಳವಳಿಯಲ್ಲಿ ನನಗಿಂತ ಹಿರಿಯರಾದ ಒಬ್ಬರಂತೂ 'ಹೊಟ್ಟೆ ತುಂಬಿದವರ ಕಾಯಿಲೆ ಕಣಯ್ಯಾ ಅದು' ಅಂದುಬಿಟ್ಟರು. ಅವರಿಗೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಈ ಓದು ಶುರುವಾದದ್ದಕ್ಕೆ ಒಂದು ಕಾರಣವಿದೆ. ನಮ್ಮ ಊರ ಕಡೆಯ ಹುಡುಗನೊಬ್ಬ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ದೊಡ್ಡತೋಗೂರಿನ ಪಿಜಿಯಲ್ಲಿ ವಾಸ. ಒಂದು ರೂಮಿಗೆ ನಾಲ್ಕು ಮಂಚ. ನಾಲ್ವರ ಪಾಳಿಯೂ ಬೇರೆ ಬೇರೆಯಾದ್ದರಿಂದ ಹಗಲೂ ರಾತ್ರಿಯೂ ಒಬ್ಬರಲ್ಲ ಒಬ್ಬರು ಒಳಗೆ ಮಲಗಿರುತ್ತಾರೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ಪುಸ್ತಕ ಒಯ್ಯುತ್ತಾನೆ. ಒಂದು ಸಲ ವಸುಧೇಂದ್ರ ಅವರ 'ಮೋಹನಸ್ವಾಮಿ' ಒಯ್ದ. ಎರಡು ವಾರ ಬಿಟ್ಟು ತಂದುಕೊಟ್ಟ. ಹೇಗಿತ್ತಪ್ಪಾ ಅಂದೆ. 'ಚೆನ್ನಾಗೈತಣ್ಣ. ಆದ್ರೆ ಅವ್ನಿಗೆ ಅಳಾಕೊಂದು ರೂಮೈತೆ. ಬಾಗ್ಲು ಹಾಕ್ಕೊಂಡು ಅಳ್ಬೋದು' ಎಂದು ಹೇಳಿ ಕೈತೊಳೆಯಲು ಎದ್ದುಹೋದ. ಆ ಹುಡುಗ ಯಾರು, ಹೇಗೆ ಎಂದು ಓದುಗರು ಕೇಳಬಾರದು. ನಾನೂ ಕೇಳಲಿಲ್ಲ. ಅವನು ಹೇಳಿದ್ದು ಪುಸ್ತಕದ ಬಗ್ಗೆ, ಮತ್ತು ಆ ಪುಸ್ತಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಮಾತನ್ನು ಹೇಳಿರಲಿಲ್ಲ.

ನಾವಿರುವ ಜಾಗದ ಬಗ್ಗೆ ಎರಡು ಮಾತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. 2010ರಲ್ಲಿ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಬಂತು. ಇಲ್ಲಿ ಎಲ್ಲರ ಕೊರಳಲ್ಲೂ ಒಂದೊಂದು ಬ್ಯಾಡ್ಜು. ಅದರಲ್ಲಿ ಹೆಸರಿದೆ, ಫೋಟೋ ಇದೆ, ಜಾತಿ ಇಲ್ಲ. ಹಾಗೆಂದು ಜಾತಿ ಗೇಟಿನ ಹೊರಗೆ ನಿಂತಿದೆ ಎಂದುಕೊಳ್ಳಬೇಡಿ. 'ಯಾವ ಕಡೆಯವರು? ಮನೆದೇವರು ಯಾವುದು? ಮನೇಲಿ ನಾನ್‌ವೆಜ್ಜಾ?' ಮೂರನೇ ಪ್ರಶ್ನೆ ಮುಗಿಯುವಷ್ಟರಲ್ಲಿ ಕೇಳಿದವರಿಗೆ ಬೇಕಾದ್ದು ಸಿಕ್ಕಿರುತ್ತದೆ. ಹೀಗಾಗಿ ನಮ್ಮ ಹುಡುಗರು ಇಲ್ಲಿ ದಿನಾ ಒಂದು ಗುಟ್ಟು ಕಾಯುತ್ತಾರೆ. ಕೆಲವರು ಎರಡು ಗುಟ್ಟು ಕಾಯುತ್ತಾರೆ. ಈ ಎರಡು ಗುಟ್ಟಿನವರ ಕಡೆ ನಿಂತು ಓದಿದರೆ ಪುಸ್ತಕಗಳು ಹೇಗೆ ಕಾಣುತ್ತವೆ ಎಂಬುದೇ ನನ್ನ ಪ್ರಶ್ನೆ.

'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನೇ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಂಥ ಹೊತ್ತಿನಲ್ಲಿ ಕನ್ನಡದ ಹೆಸರಾಂತ ಕತೆಗಾರರೊಬ್ಬರು ಈ ಕತೆಗಳನ್ನು ತಮ್ಮ ಹೆಸರಲ್ಲೇ ಬರೆದು ಎದುರು ನಿಂತದ್ದು ಸಣ್ಣ ಮಾತಲ್ಲ. ಅದರಲ್ಲಿ ಸೈಕಲ್ ಕಲಿಯಲಾಗದ ಹುಡುಗನ ಕತೆಯೊಂದಿದೆ. ಸೈಕಲ್ ಬಾರದವನು ಗಂಡಸೇ ಅಲ್ಲ ಎಂಬಂತೆ ಜನ ಅವನನ್ನು ನೋಡುತ್ತಾರೆ. ಅದನ್ನು ಓದುವಾಗ ನನಗೆ ನಮ್ಮೂರಿನ ಸೈಕಲ್ ನೆನಪಾಯಿತು. ನಮ್ಮ ಕೇರಿಯ ಹುಡುಗರಿಗೆ ಸೈಕಲ್ ಚೆನ್ನಾಗೇ ಬರುತ್ತಿತ್ತು. ಆದರೆ ಗೌಡರ ಬೀದಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಅಲ್ಲಿ ಹತ್ತಲಾರದ್ದಕ್ಕೆ ಅವಮಾನ, ಇಲ್ಲಿ ಹತ್ತಿದ್ದಕ್ಕೆ ಅವಮಾನ. ಇವೆರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಎರಡೂ ಕಡೆ ಗಂಡಸುತನ ಎಂಬುದನ್ನು ಯಾರು ಯಾರಿಗೆ ಹಂಚುತ್ತಾರೆ ಎಂಬ ಲೆಕ್ಕವಿದೆ. ಹತ್ತಲಾರದ ಹುಡುಗ ನಮ್ಮ ಕೇರಿಯಲ್ಲೇ ಹುಟ್ಟಿದ್ದರೆ ಅವನ ಗತಿ ಏನು ಎಂಬ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ.

ಹಾಗೆಯೇ ಜೊತೆಗಿದ್ದ ಕಾರ್ತಿಕ್ ಮದುವೆಯಾಗಿ ಹೋಗುವ ಸಂಕಟ, ಕೊನೆಗೆ ಕಿಲಿಮಂಜಾರೊ ಪರ್ವತ ಹತ್ತುವ ಮೋಹನಸ್ವಾಮಿಯ ಬಿಡುಗಡೆ. ಓದುತ್ತ ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹುಡುಗ ಹೇಳಿದ ಬಾಗಿಲು ಅಲ್ಲೆಲ್ಲ ಇದೆ. ಸಾಫ್ಟ್‌ವೇರ್ ಸಂಬಳ, ಬಾಡಿಗೆ ಮನೆ, ರಜೆ, ವಿಮಾನದ ಟಿಕೆಟ್ಟು. ಬಿಡುಗಡೆಗೂ ಸಂಬಳ ಬೇಕು. ಇದು ಕತೆಗಾರರ ತಪ್ಪಲ್ಲ. ತಾವು ಕಂಡ ಲೋಕವನ್ನು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ತಪ್ಪಿರುವುದು ಅದನ್ನೇ ಇಡೀ ಸಮುದಾಯದ ಅನುಭವ ಎಂದು ಸಾರಿ ಸುಮ್ಮನಾಗುವ ವಿಮರ್ಶೆಯಲ್ಲಿ. ಜಾತಿ ಹೇಳದ ಅನುಭವವನ್ನೆಲ್ಲ 'ಮನುಷ್ಯ ಅನುಭವ' ಎನ್ನುವುದೂ, ನಮ್ಮ ಅನುಭವವನ್ನು ಮಾತ್ರ 'ದಲಿತ ಅನುಭವ' ಎನ್ನುವುದೂ ಕನ್ನಡ ವಿಮರ್ಶೆಗೆ ಹಳೇ ಚಾಳಿ.

ಇನ್ನು ಹರೆಯದವರ ಪುಸ್ತಕ. ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' 2014ರಲ್ಲಿ ಬಂತು. ಮುಸ್ಕಾನ್ ಎಂಬ ಶಾಲಾ ಹುಡುಗಿ ಹೆಣ್ಣನ್ನು ಬಯಸುವವಳು. ಸಾಯಲು ಹೋಗಿ ಆಸ್ಪತ್ರೆ ಸೇರಿದ್ದಾಳೆ. ಕತೆ ಹೇಳುವವರು ಅವಳ ಮೂವರು ಸಹಪಾಠಿಗಳು. ಅವರಲ್ಲೊಬ್ಬ ಶುಭೋಜಯ್, ಉಳ್ಳವರ ಮಕ್ಕಳ ನಡುವೆ ಓದುವ ಬಡ ಮನೆಯ ಹುಡುಗ. ನಾನು ಹೆಚ್ಚು ಹೊತ್ತು ನಿಂತದ್ದು ಅವನ ಪುಟಗಳಲ್ಲೇ. ತಾನೇ ಹೊರಗಿನವನಾದವನು ಇನ್ನೊಬ್ಬ ಹೊರಗಿನವಳನ್ನು ನೋಡುವ ನೋಟ ಬೇರೆ. ಬಡತನವನ್ನು ಹೇಳಿದಷ್ಟು ಗಟ್ಟಿಯಾಗಿ ಜಾತಿಯನ್ನೂ ಹೇಳಬೇಕಿತ್ತು ಅನ್ನಿಸಿದ್ದು ನಿಜ. ಆದರೂ ಇಂಥ ಪುಸ್ತಕಗಳಲ್ಲಿ ನನಗೆ ಮೆಚ್ಚುಗೆಯಾದ್ದು ಒಂದಿದೆ: ಅವು ಹರೆಯದವರ ಎದುರು ಸಮಸಮನಾಗಿ ಕೂತು ಮಾತಾಡುತ್ತವೆ, ಬುದ್ಧಿ ಹೇಳುವುದಿಲ್ಲ. ನಮ್ಮಲ್ಲಿ ಮಕ್ಕಳ ಸಾಹಿತ್ಯ ಮುಗಿದ ಕೂಡಲೇ ದೊಡ್ಡವರ ಸಾಹಿತ್ಯ ಶುರು. ನಡುವಿನ ಆರೇಳು ವರ್ಷಕ್ಕೆ, ಪರೀಕ್ಷೆಯ ಗೈಡು ಬಿಟ್ಟರೆ, ಹೆಚ್ಚುಕಡಿಮೆ ಏನೂ ಇಲ್ಲ.

ಏನೂ ಇಲ್ಲ ಎಂದೆನಾ? ತಿದ್ದಿಕೊಳ್ಳುತ್ತೇನೆ. ನಮಗಿತ್ತು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ'. 1990ರ ದಶಕದಲ್ಲಿ ನಾವು ಕೈಯಿಂದ ಕೈಗೆ ದಾಟಿಸಿ ಓದಿದ ಆತ್ಮಕತೆಗಳು ಇವು. ಶಾಲೆ, ಹಸಿವು, ಹಾಸ್ಟೆಲ್ಲು, ಮೊದಲ ಅವಮಾನ, ಮೊದಲ ಎದುರುತ್ತರ. ಬೆಳೆಯುವ ಹುಡುಗನೊಬ್ಬ ತನ್ನನ್ನು ತಾನು ಗುರುತಿಸಿಕೊಳ್ಳುವ ಕತೆಯೇ ಹರೆಯದ ಸಾಹಿತ್ಯವಾದರೆ, ಕನ್ನಡದಲ್ಲಿ ಅದನ್ನು ಬರೆದವರು ದಲಿತರು. ಯಾರೂ ಹಾಗೆ ಕರೆಯಲಿಲ್ಲ ಅಷ್ಟೆ. ಆ ಪುಸ್ತಕಗಳಿಂದ ನನಗೆ ಬೆನ್ನು ಬಂತು.

ಆದರೆ ಬೆನ್ನು ಬಂದವರೆಲ್ಲ ಏನು ಮಾಡಿದೆವು ಎಂಬುದನ್ನೂ ಹೇಳಬೇಕು. ನಾನಿದ್ದ ಹಾಸ್ಟೆಲಿನಲ್ಲಿ ಒಬ್ಬ ಹುಡುಗನಿದ್ದ. ಒಳ್ಳೆಯ ಕೊರಳು. ಅಂಬೇಡ್ಕರ್ ಜಯಂತಿಗೆ ಅವನೇ ಹಾಡಬೇಕು. ಅವನು ಮೇಲಿನ ಸ್ವರಕ್ಕೆ ಏರಿದರೆ ನಾವೆಲ್ಲ ಚಪ್ಪಾಳೆ. ರಾತ್ರಿ ಚಾಪೆ ಹಾಸಿದ ಮೇಲೆ ಅದೇ ಕೊರಳಿಗೆ, ಅದೇ ನಡಿಗೆಗೆ 'ಹೆಣ್ಣಿಗ' ಎಂಬ ಹೆಸರು. ಚಾಪೆಗೆ ಚಾಪೆ ಅಂಟಿಕೊಂಡ ಹಾಲಿನಲ್ಲಿ ಅವನು ಎಲ್ಲಿಗೆ ತಾನೆ ಹೋದಾನು? ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆಯೇ ಟ್ರಂಕು ಹೊತ್ತುಕೊಂಡು ಹೋದವನು ವಾಪಸ್ಸು ಬರಲಿಲ್ಲ. ನಾನೂ ನಕ್ಕಿದ್ದೆ. ಊರಿನವರು ನಮ್ಮನ್ನು ಏನೆಂದು ಕರೆಯುತ್ತಿದ್ದರೋ ಅದರ ನೋವು ಗೊತ್ತಿದ್ದೂ ನಕ್ಕಿದ್ದೆ. ನಮ್ಮ ಆತ್ಮಕತೆಗಳ ಹಾಸ್ಟೆಲುಗಳಲ್ಲಿ ಇಂಥ ಹುಡುಗನನ್ನು ನಾನು ಹುಡುಕುತ್ತೇನೆ. ನನ್ನ ಓದಿನಲ್ಲಿ ಅವನು ಸಿಕ್ಕಿಲ್ಲ. ಹಸಿವನ್ನು ನಾವು ನಾಚಿಕೆಯಿಲ್ಲದೆ ಬರೆದೆವು. ಬಯಕೆಯ ವಿಷಯಕ್ಕೆ ಬಂದಾಗ ಊರಿನವರ ಮರ್ಯಾದೆಯನ್ನೇ ಸಾಲ ತಂದೆವು.

ಹಾಗಾದರೆ ಎರಡನ್ನೂ ಹೇಳಿದ ಪುಸ್ತಕ ಇಲ್ಲವೇ? ಇದೆ, ತಮಿಳಿನಿಂದ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕತೆ. ಕನ್ನಡದಲ್ಲಿ 'ನಾನು ಅವನಲ್ಲ, ಅವಳು' ಎಂದು ತಮಿಳ್ ಸೆಲ್ವಿ ಅವರ ಅನುವಾದವಿದೆ; ಬಿ.ಎಸ್. ಲಿಂಗದೇವರು ಅದನ್ನು ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ದಿವಂಗತ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಸಿನಿಮಾ ನೋಡಿದವರು ಬಹಳ ಜನ. ಪುಸ್ತಕವನ್ನೂ ಓದಬೇಕು. ವಿದ್ಯಾ ದಲಿತ ಕುಟುಂಬದವರು. ಮಗ ಓದಿ ದೊಡ್ಡ ಅಧಿಕಾರಿಯಾಗಬೇಕೆಂಬ ಅಪ್ಪನ ಹಟ, ಅದಕ್ಕಾಗಿ ಹೊಡೆತ, ಭಾಷಾವಿಜ್ಞಾನದಲ್ಲಿ ಎಂ.ಎ., ಆಮೇಲೆ ಪುಣೆಯ ರೈಲುಗಳಲ್ಲಿ ಭಿಕ್ಷೆ.

ಆ ಅಪ್ಪನನ್ನು ಬೈದು ಮುಗಿಸುವುದು ಸುಲಭ. ನನಗೆ ಆಗಲಿಲ್ಲ. ಆ ಅಪ್ಪ ನನಗೆ ಗೊತ್ತು. ಮೇಲುಜಾತಿಯ ಮನೆಯಲ್ಲಿ ಮಗ 'ನಾನು ಹೀಗೆ' ಎಂದರೆ ಮನೆತನದ ಮಾನ ಹೋಗುತ್ತದೆ. ನಮ್ಮ ಮನೆಯಲ್ಲಿ ಮಾನಕ್ಕಿಂತ ಮುಂಚೆ ಹೋಗುವುದು ಏಣಿ. ಮೂರು ತಲೆಮಾರು ಕೂಲಿ ಮಾಡಿ ನಿಲ್ಲಿಸಿದ ಒಂದೇ ಒಂದು ಏಣಿ ಆ ಮಗ. ಅವನ ಮೇಲೆ ತಂಗಿಯ ಮದುವೆ, ಅಮ್ಮನ ಔಷಧಿ, ಮಳೆಗೆ ಸೋರುವ ಮನೆಯ ಹೆಂಚು ಎಲ್ಲ ನಿಂತಿದೆ. ಅಪ್ಪನ ಹೊಡೆತವನ್ನು ನಾನು ಸಮರ್ಥಿಸುತ್ತಿಲ್ಲ. ಆ ಹೊಡೆತದೊಳಗಿನ ಭಯ ಬೇರೆ ಎಂದು ಹೇಳುತ್ತಿದ್ದೇನೆ. ಇದನ್ನು ಗುರುತಿಸದ ವಿಮರ್ಶೆಗೆ ಎಲ್ಲ ಅಪ್ಪಂದಿರೂ ಒಂದೇ ಥರ ಕಾಣುತ್ತಾರೆ. ಆ ಏಣಿಯೂ ಒಂದು ಜೀವ, ಅದಕ್ಕೂ ನೋವಾಗುತ್ತದೆ ಎಂಬುದನ್ನು ಮಾತ್ರ ನಮ್ಮ ಚಳವಳಿಯ ಸಾಹಿತ್ಯ ಇನ್ನೂ ಹೇಳಬೇಕಾಗಿದೆ.

'ಹೊಟ್ಟೆ ತುಂಬಿದವರ ಕಾಯಿಲೆ' ಎಂದ ಹಿರಿಯರಿಗೆ ನಾನು ಕೊಡುವ ಇನ್ನೊಂದು ಪುಸ್ತಕ ಎ. ರೇವತಿಯವರ 'ಬದುಕು ಬಯಲು'. ಅಣ್ಣಂದಿರ ಹೊಡೆತ, ಊರು ಬಿಟ್ಟ ಹರೆಯ, ಕೊನೆಗೆ ಬೆಂಗಳೂರು. ಅದರಲ್ಲಿ ತುಂಬಿದ ಹೊಟ್ಟೆ ಎಲ್ಲಿದೆ ಎಂದು ಅವರೇ ಹುಡುಕಿ ತೋರಿಸಲಿ. ಅದನ್ನು ಕನ್ನಡಕ್ಕೆ ತಂದವರು ದು. ಸರಸ್ವತಿ, ದಲಿತ ಹೆಣ್ಣುಮಕ್ಕಳ, ಪೌರಕಾರ್ಮಿಕರ ನಡುವೆ ಕೆಲಸ ಮಾಡಿದವರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕ ಮಾಡಿತು. ಅಂದರೆ ನಮ್ಮ ಗಂಡಸರು ಇದು ನಮ್ಮ ಪ್ರಶ್ನೆಯೇ ಅಲ್ಲ ಎಂದು ಚರ್ಚಿಸುತ್ತಿದ್ದಾಗ, ನಮ್ಮ ಹೆಂಗಸೊಬ್ಬರು ಅದನ್ನು ಅನುವಾದಿಸಿ ಮುಗಿಸಿದ್ದರು.

ಮಾತು ಎರಡೂ ಕಡೆ ಓಡಾಡಿದೆ ಎಂಬುದನ್ನೂ ನೋಡಿ. ಯಶಿಕಾ ದತ್ 2019ರಲ್ಲಿ ತಮ್ಮ ಆತ್ಮಕತೆಗೆ 'ಕಮಿಂಗ್ ಔಟ್ ಆ್ಯಸ್ ದಲಿತ್' ಎಂದು ಹೆಸರಿಟ್ಟರು. ಬಹಳ ಕಾಲ ಜಾತಿ ಮುಚ್ಚಿಟ್ಟು ಬದುಕಿದವರು, 2016ರಲ್ಲಿ ರೋಹಿತ್ ವೇಮುಲ ಸತ್ತ ಮೇಲೆ ಬಾಯಿಬಿಟ್ಟವರು. ಹಾಗೆ ಬಾಯಿಬಿಟ್ಟದ್ದಕ್ಕೆ ಹೆಸರು ಬೇಕಾದಾಗ ಅದು ಸಿಕ್ಕಿದ್ದು ಸಲಿಂಗ ಪ್ರೇಮಿಗಳ ಹೋರಾಟದ ಮಾತಿನಲ್ಲಿ. ನಾವು ಅವರಿಂದ ಒಂದು ಮಾತು ಸಾಲ ಪಡೆದಿದ್ದೇವೆ. ಸಾಲ ತೀರಿಸದೆ ಅವರನ್ನು ಕಾಯಿಲೆ ಎನ್ನುವುದು ಸರಿಯೇ?

ನನ್ನ ಅಭಿಪ್ರಾಯ ಇಷ್ಟು. ಕ್ವಿಯರ್ ಕತೆಯ ಮುಂದೆ ಕೂತಾಗ ದಲಿತ ವಿಮರ್ಶೆ ಕೇಳಬೇಕು: ಈ ಮನೆಗೆ ಚಿಲಕ ಹಾಕಿಸಿದವರು ಯಾರು, ಈ ಮಗ ಬಾಯಿಬಿಟ್ಟರೆ ಮನೆ ಕಳೆದುಕೊಳ್ಳುವುದು ಮಾನವನ್ನೋ, ಅನ್ನವನ್ನೋ? ಅದೇ ವಿಮರ್ಶೆ ದಲಿತ ಕತೆಯ ಮುಂದೆ ಕೂತಾಗಲೂ ಅಷ್ಟೇ ಗಟ್ಟಿಯಾಗಿ ಕೇಳಬೇಕು: ಈ ಹಾಸ್ಟೆಲಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದವನು ಎಲ್ಲಿ ಹೋದ? ಮೊದಲನೆಯದನ್ನು ಮಾತ್ರ ಕೇಳಿದರೆ ಅದು ದೂರು. ಎರಡನ್ನೂ ಕೇಳಿದರೆ ವಿಮರ್ಶೆ.

ಆ ಹುಡುಗ ಮುಂದಿನ ಭಾನುವಾರ ಬರುತ್ತಾನೆ. ಅವನಿಗೆ ವಿದ್ಯಾ ಅವರ ಪುಸ್ತಕ ತೆಗೆದಿಟ್ಟಿದ್ದೇನೆ. ನಮ್ಮ ಕೇರಿಯ ಮನೆಯಲ್ಲೇ ಹುಟ್ಟಿ, ನಮ್ಮ ಮಾತಿನಲ್ಲೇ ಬರೆದ ಹರೆಯದ ಪುಸ್ತಕವೊಂದು ಕೊಡೋಣವೆಂದರೆ ನನ್ನ ಕಪಾಟಿನಲ್ಲಿ ಇಲ್ಲ. ಬರೆಯುವವರು ಈ ಸಂಚಿಕೆಯನ್ನು ಓದುತ್ತಿದ್ದರೆ ದಯವಿಟ್ಟು ಬೇಗ ಬರೆಯಲಿ. ಹಾಗೇ, ಜಯಂತಿಗೆ ಹಾಡುತ್ತಿದ್ದ ಆ ಗೆಳೆಯನ ಕೈಗೂ ಇದು ಎಲ್ಲಾದರೂ ಸಿಕ್ಕರೆ, ಅವನಿಗೆ ಹೇಳಬೇಕಾದ್ದು ಒಂದೇ: ತಪ್ಪಾಯಿತು ಕಣೋ. ನಿನ್ನ ಕೊರಳು ನಮಗೆ ಬೇಕಿತ್ತು, ನೀನೂ ಬೇಕಿತ್ತು.