ಮರಳಿ ಬಂದವರಿಗೆ ಎರಡು ಬಾಗಿಲು

1676ರಲ್ಲಿ ಗೋವೆಯಲ್ಲಿ ಎರಡು ಸಂಗತಿಗಳು ನಡೆದವು. ಜನವರಿಯಲ್ಲಿ ಶಾರ್ಲ್ ದೆಲ್ಲೊನ್ ಎಂಬ ಫ್ರೆಂಚ್ ವೈದ್ಯನನ್ನು ಇನ್‌ಕ್ವಿಸಿಶನ್, ಅಂದರೆ ಧರ್ಮವಿಚಾರಣೆಯ ನ್ಯಾಯಾಲಯ, ಬರಿಗಾಲಲ್ಲಿ ಊರ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ ಇಗರ್ಜಿಯೊಳಗೆ ಶಿಕ್ಷೆ ಓದಿ ಹೇಳಿತು. ಅದೇ ವರ್ಷ, ಸಾಷ್ಟಿ ತಾಲ್ಲೂಕಿನ ಬೆಣಾವ್ಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಕೊಂಕಣಿ ತರುಣ ಪಾದ್ರಿಯಾಗಿ ದೀಕ್ಷೆ ಪಡೆದರು. ನಂಬಿಕೆಯಿಂದ ಜಾರಿದವರನ್ನು ದೇವರ ಬಳಿಗೆ ಮರಳಿ ಕರೆತರುವುದು ತನ್ನ ಕೆಲಸವೆಂದು ಆ ನ್ಯಾಯಾಲಯವೂ ಹೇಳಿಕೊಂಡಿತ್ತು, ಈ ಪಾದ್ರಿಯೂ ಅದನ್ನೇ ನಂಬಿದ್ದರು. ಇಬ್ಬರೂ ಹಿಡಿದ ದಾರಿಗಳಿಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಗೋವೆಯ ಕ್ರೈಸ್ತ ಪರಂಪರೆ ಕ್ಷಮೆಯನ್ನು ಹೇಗೆ ಅರ್ಥಮಾಡಿಕೊಂಡಿತು ಎಂದು ತೂಗಿನೋಡುವವರು ಈ ಎರಡನ್ನೂ ಒಟ್ಟಿಗೆ ಎದುರಿಗಿಟ್ಟುಕೊಳ್ಳಬೇಕು.

ಮರಳಿ ಬರುವವರ ಪ್ರಶ್ನೆ ಕ್ರೈಸ್ತಸಭೆಗೆ ಬಲು ಹಳೆಯದು. ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ದೇಸಿಯಸ್‌ನ ಕಿರುಕುಳಕ್ಕೆ ಹೆದರಿ ಅನೇಕ ಕ್ರೈಸ್ತರು ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿದರು. ಕಿರುಕುಳ ತಣ್ಣಗಾದ ಮೇಲೆ ಇಗರ್ಜಿಯ ಬಾಗಿಲಿಗೆ ಬಂದು ನಿಂತರು. ಅವರಿಗೆ ಒಳಗೆ ಜಾಗವಿಲ್ಲ ಎಂದವನು ರೋಮಿನ ನೊವೇಶಿಯನ್. ಪ್ರಾಯಶ್ಚಿತ್ತ ಮಾಡಿಕೊಂಡು ಬರಲಿ ಎಂದವರು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಸಭೆ ಸಿಪ್ರಿಯನ್‌ರ ಮಾತನ್ನು ಒಪ್ಪಿತು. ಮುಂದೆ 1215ರ ಲ್ಯಾಟರನ್ ಸಮ್ಮೇಳನ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯವೆಂದಿತು. 1551ರಲ್ಲಿ ಟ್ರೆಂಟ್ ಸಮ್ಮೇಳನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾಪವಿಮೋಚನೆ ನೀಡುವ ಪಾದ್ರಿಯನ್ನು ನ್ಯಾಯಾಧೀಶನಿಗೆ ಹೋಲಿಸಿತು. ಆದರೆ ಈ ನ್ಯಾಯಾಧೀಶನ ಮುಂದೆ ದೂರು ಕೊಡುವವನೂ ಸಾಕ್ಷಿ ಹೇಳುವವನೂ ಪಾಪಿಯೇ. ಕೇಳಿದ್ದು ಪಾದ್ರಿಯ ಬಾಯಿಂದ ಎಂದೂ ಹೊರಬೀಳುವಂತಿಲ್ಲ. ಕ್ಷಮೆ ಸಿಕ್ಕಿದ ಮೇಲೆ ಆ ಪಾಪದ ಗುರುತು ಎಲ್ಲಿಯೂ ಉಳಿಯುವುದಿಲ್ಲ.

ಗೋವೆಯಲ್ಲಿ ಈ ಹೋಲಿಕೆಯೇ ಕಲ್ಲುಗೋಡೆಯ ನ್ಯಾಯಾಲಯವಾಗಿ ಎದ್ದು ನಿಂತಿತು. ಫ್ರಾನ್ಸಿಸ್ ಝೇವಿಯರ್ 1546ರಲ್ಲೇ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು ಇಲ್ಲಿಗೆ ಇನ್‌ಕ್ವಿಸಿಶನ್ ಬೇಕೆಂದು ಕೇಳಿದ್ದರು. ಅದು ಬಂದದ್ದು 1560ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ನಡುವೆ 1774ರಿಂದ ನಾಲ್ಕು ವರ್ಷ ಬಿಟ್ಟರೆ 1812ರವರೆಗೂ ನಡೆಯಿತು. ದಾಖಲಾದ ಪ್ರಕರಣಗಳು 16,000ಕ್ಕೂ ಹೆಚ್ಚು. ಮೊದಲಿಗೆ ಯಹೂದಿ ಮೂಲದ ಕ್ರೈಸ್ತರು ಸಿಕ್ಕಿಬಿದ್ದರು. ‘ಭಾರತದ ಔಷಧಿಗಳ ಸಂವಾದ’ ಬರೆದ ವೈದ್ಯ ಗಾರ್ಸಿಯಾ ದ ಓರ್ತಾ 1568ರಲ್ಲಿ ತೀರಿಕೊಂಡಿದ್ದರೂ, 1580ರಲ್ಲಿ ಅವರ ಮೂಳೆಗಳನ್ನು ಅಗೆದು ತೆಗೆದು ಸುಟ್ಟರು. ಕ್ರಮೇಣ ನ್ಯಾಯಾಲಯದ ಕಣ್ಣು ಊರಿನ ಹೊಸ ಕ್ರೈಸ್ತರ ಮೇಲೆ ಬಿತ್ತು. 1736ರ ಆಜ್ಞೆ ಅಂಗಳದ ತುಳಸಿಯನ್ನು, ಮದುವೆಯ ವೀಳ್ಯ ಅಡಿಕೆಯನ್ನು ಕೂಡ ಬಿಡಲಿಲ್ಲ.

ದೆಲ್ಲೊನ್ 1687ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ವಿಚಾರಣೆಯ ಕ್ರಮ ಸ್ಪಷ್ಟವಾಗಿದೆ. ಏನು ಆರೋಪ, ಯಾರು ಹೇಳಿದರು ಎಂಬುದನ್ನು ಕೈದಿಗೆ ತಿಳಿಸುತ್ತಿರಲಿಲ್ಲ. ಯಾವ ತಪ್ಪಿಗೆ ತನ್ನನ್ನು ಹಿಡಿದಿದ್ದಾರೆಂದು ಅವನೇ ಊಹಿಸಿ ಒಪ್ಪಿಕೊಳ್ಳಬೇಕಿತ್ತು. ಸುಡುವ ಶಿಕ್ಷೆ ಆದವರಿಗೆ ಮೇಲ್ಮುಖವಾಗಿ ಉರಿಯುವ ಜ್ವಾಲೆಗಳನ್ನು ಬರೆದ ನಿಲುವಂಗಿ. ಶಿಕ್ಷೆ ಗೊತ್ತಾದ ಮೇಲೆ ತಪ್ಪೊಪ್ಪಿಕೊಂಡು ಜೀವ ಉಳಿಸಿಕೊಂಡವರಿಗೂ ಜ್ವಾಲೆಯ ನಿಲುವಂಗಿಯೇ, ಆದರೆ ಬೆಂಕಿಯ ನಾಲಿಗೆಗಳು ಕೆಳಮುಖ. ಕ್ಷಮೆ ಪಡೆದವನೂ ಬೆಂಕಿಯನ್ನು ಉಟ್ಟುಕೊಂಡೇ ಮೆರವಣಿಗೆಯಲ್ಲಿ ನಡೆಯಬೇಕಿತ್ತು. ಕ್ಷಮೆ ಪಡೆದು ಮತ್ತೆ ಜಾರಿದವನಿಗೆ ಸಾಮಾನ್ಯವಾಗಿ ಸಾವೇ ಗತಿ.

ಈ ಪರಂಪರೆಯ ಮೂಲದೋಷ ನನಗೆ ಕಾಣುವುದು ಇಲ್ಲಿ. ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳಿದಾಗ ಯೇಸು ಲೆಕ್ಕವನ್ನೇ ಅಳಿಸಿಹಾಕುವಂಥ ಉತ್ತರ ಕೊಟ್ಟರು. ಇನ್‌ಕ್ವಿಸಿಶನ್ ಆ ಲೆಕ್ಕವನ್ನು ಒಂದಕ್ಕೆ ಇಳಿಸಿತು. ಅದರ ಕ್ರೌರ್ಯದ ಬಗ್ಗೆ ಬಹಳ ಜನ ಬರೆದಿದ್ದಾರೆ. 1961ರಲ್ಲಿ ಬಂದ ಅ. ಕಾ. ಪ್ರಿಯೋಳ್ಕರರ ಗ್ರಂಥ ಈಗಲೂ ಓದಬೇಕಾದದ್ದು. ಆ ಕ್ರೌರ್ಯ ಆ ಕಾಲದ ರೀತಿ, ಯೂರೋಪಿನಲ್ಲೂ ಹಾಗೆಯೇ ಇತ್ತು ಎಂದು ಸಮರ್ಥಿಸುವವರೂ ಉಂಟು. ನನ್ನ ಆಕ್ಷೇಪ ಕ್ರೌರ್ಯಕ್ಕಷ್ಟೇ ಸೀಮಿತವಲ್ಲ. ಕ್ರೈಸ್ತಧರ್ಮದ ಹೃದಯದಲ್ಲೇ ಇರುವ ಕ್ಷಮೆಯನ್ನು ಆ ಧರ್ಮದ ಹೆಸರಿನಲ್ಲೇ ತಿರುವುಮುರುವು ಮಾಡಿದ್ದು ಇನ್ನೂ ದೊಡ್ಡ ತಪ್ಪು.

ಅದು ಆ ಕಾಲದ ರೀತಿ ಎನ್ನುವ ವಾದಕ್ಕೆ ಉತ್ತರ ಜೋಸೆಫ್ ವಾಜ್. ಅವರದೂ ಅದೇ ಕಾಲ, ಅದೇ ಊರು. 1681ರಲ್ಲಿ ಅವರನ್ನು ಗೋವೆಯಿಂದ ನಮ್ಮ ಕೆನರಾ ಕರಾವಳಿಗೆ ಕಳಿಸಿದರು. ಇಲ್ಲಿ ಪೋರ್ಚುಗೀಸ್ ದೊರೆಯ ಅಧಿಕಾರ ದೊಡ್ಡದೋ ರೋಮಿನಿಂದ ನೇಮಕವಾದ ಬಿಷಪ್ ತೋಮಸ್ ದ ಕಾಸ್ತ್ರೊ ಅವರದು ದೊಡ್ಡದೋ ಎಂಬ ಜಗಳ ಹತ್ತಿಕೊಂಡಿತ್ತು. ಯಾರ ಕೈಯಿಂದ ಪಾಪವಿಮೋಚನೆ ಪಡೆದರೆ ಅದು ಸಲ್ಲುತ್ತದೆ ಎಂದೇ ಜನರಿಗೆ ತಿಳಿಯದ ಸ್ಥಿತಿ. ವಾಜ್ ಬಿಷಪ್ಪರ ಬಳಿ ಹೋಗಿ ಮಾತಾಡಿ ಜನರ ಮನಸ್ಸಿನ ಗೊಂದಲ ಇಳಿಸಲು ದುಡಿದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ ಎಂದು ಕಾಲ್ನಡಿಗೆಯಲ್ಲಿ ಸುತ್ತಿದರು. ಮುಡಿಪುವಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1687ರಲ್ಲಿ ಅವರು ಭಿಕ್ಷುಕನ ವೇಷದಲ್ಲಿ ಜಾಫ್ನಾ ಸೇರಿದರು. ಡಚ್ಚರು ಅಲ್ಲಿ ಕಥೋಲಿಕ ಪಾದ್ರಿಗಳನ್ನು ಹೊರಹಾಕಿ ಹತ್ತಿರ ಹತ್ತಿರ ಮೂವತ್ತು ವರ್ಷಗಳಾಗಿದ್ದವು. ಬಹಳ ಜನ ಡಚ್ಚರ ಪ್ರಾಟೆಸ್ಟೆಂಟ್ ಪ್ರಾರ್ಥನೆಗೆ ಹೊರನೋಟಕ್ಕೆ ಹೋಗುತ್ತ, ಒಳಗೊಳಗೆ ಹಳೆಯ ನಂಬಿಕೆ ಉಳಿಸಿಕೊಂಡಿದ್ದರು. ಗೋವೆಯ ನ್ಯಾಯಾಲಯದ ಕಣ್ಣಿಗೆ ಇವರೆಲ್ಲ ಅಪರಾಧಿಗಳು. ವಾಜ್ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಯಾರ ಕಣ್ಣು ಅರಳುತ್ತದೆಂದು ಗಮನಿಸಿದರು. ಹಾಗೆ ಗುರುತಾದವರ ಪಾಪನಿವೇದನೆಯನ್ನು ರಾತ್ರಿ ಹೊತ್ತು ಗುಟ್ಟಾಗಿ ಕೇಳಿದರು. ಅಲ್ಲಿ ಯಾರಿಗೂ ನಿಲುವಂಗಿ ತೊಡಿಸಲಿಲ್ಲ, ಯಾರ ಆಸ್ತಿಯೂ ಹೋಗಲಿಲ್ಲ. ತಲೆ ಹೋಗುವ ಭಯವಿದ್ದದ್ದು ಕ್ಷಮೆ ಕೊಡುವವನಿಗೆ. 1711ರಲ್ಲಿ ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಕನ್ನಡನಾಡಿನಲ್ಲೂ ಮರಳಿ ಬಂದವರ ಕಥೆಯಿದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರು ಹೊರಬಂದರು. ಅಂಥವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುವ ಕೆಲಸಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ. ಗೋವೆಯಲ್ಲಿ ಇನ್‌ಕ್ವಿಸಿಶನ್ ಆಗಲೂ ಬಾಗಿಲು ತೆರೆದೇ ಇತ್ತು, ಆದರೆ ಮೈಸೂರಿನ ನೆಲದಲ್ಲಿ ಅದರ ಕೈ ಆಡುತ್ತಿರಲಿಲ್ಲ.

ಇಂದಿನ ಗೋವೆಯ ಇಗರ್ಜಿಗಳಲ್ಲಿ ಉಳಿದು ಬಂದಿರುವುದು ವಾಜ್ ಅವರ ದಾರಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಸಾಲು ನಿಲ್ಲುವವರನ್ನು ನೋಡಿ. ಅಜ್ಜಿ, ಟ್ಯಾಕ್ಸಿ ಓಡಿಸುವವನು, ಹಡಗಿನ ಕೆಲಸದಿಂದ ರಜೆಯ ಮೇಲೆ ಬಂದವನು ಒಬ್ಬರ ಹಿಂದೊಬ್ಬರು ಜಾಲರಿಯ ಪಕ್ಕ ಮಂಡಿಯೂರುತ್ತಾರೆ, ಪಿಸುದನಿಯಲ್ಲಿ ಹೇಳುತ್ತಾರೆ, ನಾಲ್ಕು ಪ್ರಾರ್ಥನೆಗಳ ಪ್ರಾಯಶ್ಚಿತ್ತ ಪಡೆದು ಎದ್ದು ಹೋಗುತ್ತಾರೆ. ಹೊಸಿಲಾಚೆ ಅದನ್ನು ಬಲ್ಲವರು ಯಾರೂ ಇಲ್ಲ. ಗೋವಾ ವೆಲ್ಹಾದಲ್ಲಿ ತಪಸ್ಸುಕಾಲದ ಐದನೆಯ ವಾರದ ಸೋಮವಾರ ಸಂತರ ಪ್ರತಿಮೆಗಳನ್ನು ಹೊತ್ತು ನಡೆಯುವ ಪ್ರಾಯಶ್ಚಿತ್ತದ ಮೆರವಣಿಗೆಗೆ ಬೇರೆ ಮತದವರೂ ಬರುತ್ತಾರೆ. ಒಬ್ಬೊಬ್ಬರ ಮಟ್ಟದಲ್ಲಿ ಈ ಪರಂಪರೆ ಕ್ಷಮೆಯನ್ನು ನಿಜವಾಗಿ ಕಲಿಸಿದೆ.

ಸಂಸ್ಥೆಯ ಪಾಪದ ಮಾತು ಬಂದಾಗ ಮಾತ್ರ ಅದರ ದನಿ ತಗ್ಗುತ್ತದೆ. 2000ದ ಮಾರ್ಚ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಸತ್ಯದ ಸೇವೆಯ ಹೆಸರಿನಲ್ಲಿ ಸಭೆಯ ಮಕ್ಕಳು ಬಳಸಿದ ಬಲಪ್ರಯೋಗಕ್ಕೆ ರೋಮಿನಲ್ಲಿ ದೇವರ ಕ್ಷಮೆ ಕೇಳಿದರು. ಅದು ದೊಡ್ಡ ಹೆಜ್ಜೆ. ಆದರೆ ಗೋವೆಯ ಹೆಸರು ಅದರಲ್ಲಿ ಇರಲಿಲ್ಲ. ಕುಮ್ಸಾರಿಗೆ ಹೋದವನು ‘ಏನೋ ತಪ್ಪು ಮಾಡಿದೆ’ ಎಂದು ತೇಲಿಸಿದರೆ ಪಾದ್ರಿ ಒಪ್ಪುವುದಿಲ್ಲ, ಮಾಡಿದ್ದನ್ನು ಬಿಡಿಸಿ ಹೇಳು ಎನ್ನುತ್ತಾರೆ. ಸಂಸ್ಥೆಗೂ ಅದೇ ನಿಯಮ ಸಲ್ಲಬೇಕು.

ಇದು ಹಿಂದೂ ಮತ್ತು ಕ್ರೈಸ್ತರ ನಡುವಿನ ಹಳೆಯ ಲೆಕ್ಕ ಎಂದು ಯಾರೂ ಭಾವಿಸಬೇಕಿಲ್ಲ. ಆ ನ್ಯಾಯಾಲಯ ಮುಖ್ಯವಾಗಿ ವಿಚಾರಿಸಿದ್ದು ದೀಕ್ಷಾಸ್ನಾನ ಪಡೆದವರನ್ನು. ಅದರ ಕೈಗೆ ಸಿಕ್ಕವರ ವಂಶದವರು ಇಂದು ಗೋವೆಯ ಇಗರ್ಜಿಗಳಲ್ಲೇ, ಮಂಗಳೂರು ಉಡುಪಿಗಳ ಇಗರ್ಜಿಗಳಲ್ಲೇ ಕೂತಿದ್ದಾರೆ. ಹಳೆಯ ಗಾಯವನ್ನು ಎದುರಿಸುವ ವಿಷಯದಲ್ಲಿ ಸಾಷ್ಟಿಯ ಕುಂಕಳ್ಳಿಯ ಜನ ಧರ್ಮಗುರುಗಳಿಗಿಂತ ಮುಂದಿದ್ದಾರೆ. 1583ರಲ್ಲಿ ಅಲ್ಲಿ ಐವರು ಜೆಸುಯಿಟರು ಕೊಲೆಯಾದರು. ಸೇಡಿಗೆ ಪೋರ್ಚುಗೀಸರು ಊರ ಮುಖಂಡರಾದ ಗಾಂವ್ಕಾರರನ್ನು ಮಾತುಕತೆಗೆಂದು ಕರೆದು ಕೊಂದರು. ಜೆಸುಯಿಟರನ್ನು ಸಭೆ 1893ರಲ್ಲಿ ಪುನೀತರೆಂದು ಸಾರಿತು, ಗಾಂವ್ಕಾರರ ಸ್ಮಾರಕವನ್ನು ಊರಿನವರೇ ಕಟ್ಟಿಕೊಂಡರು. ಫಾತೊರ್ಪೆಗೆ ವಲಸೆ ಹೋದ ಶಾಂತಾದುರ್ಗೆ ಛತ್ರಿಗಳ ಉತ್ಸವದಲ್ಲಿ ವರ್ಷಕ್ಕೊಮ್ಮೆ ಕುಂಕಳ್ಳಿಗೆ ಬರುವಾಗ ಆ ಊರಿನ ಕ್ರೈಸ್ತ ಗಾಂವ್ಕಾರ ಮನೆತನದವರೂ ಜೊತೆಯಾಗುತ್ತಾರೆ.

ಗೋವೆಯ ಧರ್ಮಪ್ರಾಂತ್ಯ ಮುಂದಿನ ತಪಸ್ಸುಕಾಲದಲ್ಲಿ, ಕೊಂಕಣಿಯಲ್ಲಿ, ಹಳೆ ಗೋವೆಯ ಕೆಥೆಡ್ರಲಿನ ಅಂಗಳದಲ್ಲಿ 1560ರಿಂದ 1812ರವರೆಗಿನ ತನ್ನ ತಪ್ಪನ್ನು ಹೆಸರಿಟ್ಟು ಹೇಳಲಿ. ತನ್ನ ಮಕ್ಕಳಿಂದ ಅದು ಪ್ರತಿ ವರ್ಷ ಕೇಳುವುದೂ ಅಷ್ಟನ್ನೇ.