ಸ್ಥಿರ ವಿಳಾಸ: ಟಿಪ್ಪಣಿಗಳು ಹೇಳದೆ ಬಿಟ್ಟದ್ದು

ಯುನಿಕ್ಸ್ ಗಣಕಕ್ಕೆ ಸ್ಥಿರ ಐಪಿ ವಿಳಾಸ ಕೊಡುವುದು ಹೇಗೆ? ಪ್ರಯೋಗಾಲಯಗಳಲ್ಲಿ ಕೈಯಿಂದ ಕೈಗೆ ಸಾಗುವ ಜೆರಾಕ್ಸ್ ಟಿಪ್ಪಣಿಗಳಲ್ಲಿ ನಿಮಗೆ ಸಿಗುವ ಉತ್ತರ ಒಂದೇ ಸಾಲಿನದು: ‘ಐಎಫ್‌ಕಾನ್ಫಿಗ್’ ಆಜ್ಞೆ, ಅದರ ಮುಂದೆ 192.168.1.10. ಸಾಲು ತಪ್ಪಲ್ಲ. ಆದರೆ ಅದನ್ನು ಪಾಠವೆಂದು ಒಪ್ಪಲು ನನಗಾಗದು.

1983ರಲ್ಲಿ 4.2 ಬಿಎಸ್‌ಡಿಯೊಂದಿಗೆ ಬಂದ ಈ ಆಜ್ಞೆ ವಿಳಾಸವನ್ನು ದಾಖಲಿಸುವುದು ಓಡುತ್ತಿರುವ ಕರ್ನೆಲ್‌ನಲ್ಲಿ ಮಾತ್ರ. ರಾಯಬಾಗದಲ್ಲೋ ಅಥಣಿಯಲ್ಲೋ ಪ್ರಾಯೋಗಿಕ ಪರೀಕ್ಷೆಯ ನಡುವೆ ಕರೆಂಟ್ ಹೋಗಿ ಬಂತೆನ್ನಿ, ವಿಳಾಸ ಮಾಯ! ಪಾಪ, ವಿದ್ಯಾರ್ಥಿ ತನ್ನ ಪ್ರೋಗ್ರಾಂನಲ್ಲಿ ದೋಷ ಹುಡುಕುತ್ತ ಕೂರುತ್ತಾನೆ. ವಿಳಾಸ ಉಳಿಯಬೇಕಾದರೆ ಗಣಕ ಚಾಲೂ ಆಗುವಾಗ ಓದುವ ಕಡತದಲ್ಲಿ ಅದನ್ನು ಬರೆದಿಡಬೇಕು. ಫ್ರೀಬಿಎಸ್‌ಡಿಯಲ್ಲಿ ಆ ಕಡತ ‘ಆರ್‌ಸಿ.ಕಾನ್ಫ್’, ಡೆಬಿಯನ್‌ನಲ್ಲಿ ರೂಢಿಯಿಂದ ಬಂದದ್ದು ‘ಇಂಟರ್‌ಫೇಸಸ್’, ಉಬುಂಟುವಿನಲ್ಲಿ 2017ರ 17.10 ಆವೃತ್ತಿಯಿಂದ ನೆಟ್‌ಪ್ಲಾನ್. ನೆಟ್‌ಪ್ಲಾನ್ ಬಗ್ಗೆಯೂ ನನ್ನ ತಕರಾರಿದೆ: ಸಾಲಿನ ಮೊದಲ ಖಾಲಿ ಜಾಗ ಹೆಚ್ಚುಕಡಿಮೆಯಾದರೆ ಅದು ಕಡತವನ್ನೇ ಒಪ್ಪುವುದಿಲ್ಲ. ಆದರೂ ಅದರ ‘ಟ್ರೈ’ ಆಜ್ಞೆ ಮೆಚ್ಚತಕ್ಕದ್ದು. 120 ಸೆಕೆಂಡಿನೊಳಗೆ ನೀವು ಸಮ್ಮತಿಸದಿದ್ದರೆ ಹಳೆಯ ವ್ಯವಸ್ಥೆ ತಾನಾಗಿ ಮರಳುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಮಾಸ್ಕ್‌ನದು. ಟಿಪ್ಪಣಿ 255.255.255.0 ಎಂದು ಬರೆದು ಸುಮ್ಮನಾಗುತ್ತದೆ. ನಮ್ಮ ಭಾಗದ್ದೇ ಉದಾಹರಣೆ ನೋಡಿ. ಕಾಗವಾಡ ಮೊದಲು ಅಥಣಿ ತಾಲ್ಲೂಕಿನಲ್ಲಿತ್ತು, ನಿಪ್ಪಾಣಿ ಚಿಕ್ಕೋಡಿಯಲ್ಲಿ. ಹೊಸ ತಾಲ್ಲೂಕುಗಳಾದಾಗ ಊರುಗಳು ಕದಲಲಿಲ್ಲ. ಗಡಿಗೆರೆ ಬದಲಾಯಿತು, ಕಾಗದಪತ್ರ ಹೋಗುವ ಕಚೇರಿ ಬದಲಾಯಿತು. ಮಾಸ್ಕ್ ಎಳೆಯುವುದೂ ಇಂಥದೇ ಗೆರೆ. 192.168.1.20 ಮತ್ತು 192.168.1.200 ಎಂಬ ಎರಡು ಗಣಕಗಳು ಮೇಲಿನ ಮಾಸ್ಕ್ ಇರುವಾಗ ಒಂದೇ ಜಾಲದವು, ನೇರವಾಗಿ ಮಾತಾಡಬಲ್ಲವು. ಮಾಸ್ಕನ್ನು 255.255.255.128 ಮಾಡಿ. ದ್ವಿಮಾನದಲ್ಲಿ 20 ಎಂದರೆ 00010100, 200 ಎಂದರೆ 11001000. ಎಡತುದಿಯ ಬಿಟ್ ಒಂದರಲ್ಲಿ 0, ಇನ್ನೊಂದರಲ್ಲಿ 1. ಈಗ ಆ ಬಿಟ್ ಕೂಡ ಜಾಲದ ಹೆಸರಿಗೆ ಸೇರಿದ್ದರಿಂದ ಇವು ಬೇರೆ ಬೇರೆ ಜಾಲದವು. ಮಾತು ಗೇಟ್‌ವೇ ಮೂಲಕವೇ ಸಾಗಬೇಕು. ಹತ್ತು ನಿಮಿಷದ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸದೆ ಸ್ಥಿರ ವಿಳಾಸ ಕಲಿಸಿದೆವು ಎನ್ನುವುದು ಹೇಗೆ?

ಇನ್ನು ಆ 192.168.1.10. ಇಡೀ ತರಗತಿ ಅದನ್ನೇ ನಕಲು ಮಾಡಿದರೆ ಒಂದೇ ವಿಳಾಸಕ್ಕೆ ಇಪ್ಪತ್ತು ಒಡೆಯರು! ರೂಟರ್ ತಾನಾಗಿ ಹಂಚುವ ಡಿಎಚ್‌ಸಿಪಿ ವಿಳಾಸಗಳ ಹೊರಗಿನದೊಂದನ್ನು ಪ್ರತಿ ಗಣಕಕ್ಕೂ ಆರಿಸಿ, ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಪ್ರಯೋಗ ಮುಗಿದ ಮೇಲೆ ಗಣಕವನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿಸಿ. ವಿಳಾಸ ಉಳಿದಿದೆಯೇ ನೋಡಿ, ಅಂಕ ಆಮೇಲೆ ಕೊಡಿ.