ಕಚ್ಚುವ ನಾಯಿ ಮತ್ತು ಅಹಿಂಸೆ: ಗಾಂಧೀಜಿಯವರ ಲೇಖನಮಾಲೆಯ ಮರುವಿಚಾರ

1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಹುಚ್ಚಿನ ಭಯದಿಂದ 60 ಬೀದಿನಾಯಿಗಳನ್ನು ಕೊಲ್ಲಿಸಿದರು. ಜೀವದಯೆಯನ್ನು ಕುಲಧರ್ಮವಾಗಿ ನಂಬಿದವರು ನೊಂದು ಪ್ರತಿಭಟಿಸಿದರು. ಗಾಂಧೀಜಿಯವರು ಆ ಕೃತ್ಯವನ್ನು ಸಮರ್ಥಿಸಿ ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆಯನ್ನೇ ಬರೆದರು. ನಾಯಿಕಡಿತದ ಸುದ್ದಿ ದಿನವೂ ಕಿವಿಗೆ ಬೀಳುತ್ತಿರುವ ಈ ಹೊತ್ತಿನಲ್ಲಿ ಆ ಮಾಲೆ ಮರುವಿಚಾರಕ್ಕೆ ಯೋಗ್ಯವಾಗಿದೆ.

ಅವರ ವಾದಕ್ಕೆ ಎರಡು ಮುಖಗಳಿವೆ. ಒಡೆಯನಿಲ್ಲದ ನಾಯಿಗೆ ತುತ್ತು ಎಸೆದು ಮುಂದೆ ನಡೆಯುವುದು ದಯೆಯಲ್ಲ, ಆಲಸ್ಯ ಎಂಬುದು ಒಂದು. ಈ ಮಾತು ನಮ್ಮನ್ನು ಚುಚ್ಚುತ್ತದೆ, ಚುಚ್ಚಬೇಕು. ಅಪಾಯ ಒದಗಿದಾಗ ಕೊಲ್ಲುವುದೇ ಕಡಿಮೆ ಹಿಂಸೆ ಎಂಬುದು ಇನ್ನೊಂದು. ವಾದ ಸಡಿಲಗೊಳ್ಳುವುದು ಇಲ್ಲಿ. ಹುಚ್ಚು ಹಿಡಿದದ್ದು, ಶಂಕೆಗೆ ಒಳಗಾದದ್ದು, ಕೇವಲ ಅನಾಥವಾದದ್ದು, ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗಿದೆ.

ಇಂದಿನ ವಿವೇಕಿಯಾದ ಪಶುವೈದ್ಯನು ಹೀಗೆ ತೂಗುವುದಿಲ್ಲ. ಕಚ್ಚುವ ನಾಯಿಯನ್ನು ತಂದು ‘ಮುಗಿಸಿಬಿಡಿ’ ಎಂದವರಿಗೆ ಅವನು ಮೊದಲು ಪ್ರಶ್ನೆ ಹಾಕುತ್ತಾನೆ. ಕಚ್ಚಿದ್ದು ಯಾರನ್ನು, ಯಾವ ಸಂದರ್ಭದಲ್ಲಿ? ಮುನ್ನ ಗುರುಗುಟ್ಟಿ ಎಚ್ಚರಿಸಿತ್ತೇ? ಗಾಯ ಎಷ್ಟು ಆಳ? ಹಲ್ಲು ತಾಗದ ಬೆದರಿಕೆಯಿಂದ ಸಾವಿನವರೆಗೆ ಕಡಿತವನ್ನು ಆರು ಹಂತಗಳಲ್ಲಿ ಅಳೆಯುವ ಇಯಾನ್ ಡನ್‌ಬಾರ್ ಅವರ ಮಾನದಂಡವೂ ಬಳಕೆಯಲ್ಲಿದೆ. ಬಳಿಕ ದೇಹಪರೀಕ್ಷೆ: ಕೀಲುನೋವು, ಕಿವಿಯ ಸೋಂಕು, ಹಲ್ಲಿನ ಬಾಧೆ, ಮಿದುಳಿನ ಗೆಡ್ಡೆ ಇವುಗಳಲ್ಲಿ ಯಾವುದೂ ಸಾಧುಪ್ರಾಣಿಯನ್ನು ಕ್ರೂರಿಯನ್ನಾಗಿಸಬಲ್ಲದು. ಆಮೇಲೆ ಔಷಧ, ತಾಳ್ಮೆಯ ತರಬೇತಿ, ಬಾಯಿಕುಕ್ಕೆ. ಮನೆಯಲ್ಲಿ ಮಗುವಿದೆಯೇ ಎಂಬುದೂ, ಬೇರೆ ಮನೆಗೆ ಕೊಟ್ಟರೆ ಅಪಾಯವಷ್ಟೇ ಮನೆ ಬದಲಿಸುತ್ತದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತವೆ. ಎಲ್ಲವೂ ಸೋತ ಮೇಲೆ ಮಾತ್ರ ಸೂಜಿ.

ನಮ್ಮ ಆಚಾರ್ಯರು ಇದನ್ನು ಒಪ್ಪುವರೇ? ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರರು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದ್ದಾರೆ. ಒಂದನ್ನು ಕೊಂದರೆ ಹಲವು ಬದುಕುತ್ತವೆಂದು ಹಿಂಸ್ರಪ್ರಾಣಿಯನ್ನು ಕೊಲ್ಲಲಾಗದು. ನೋವು ನೀಗಲೆಂದು ದುಃಖಿತ ಜೀವಿಯನ್ನೂ ಕೊಲ್ಲಲಾಗದು. ಸಲ್ಲೇಖನದ ಹೋಲಿಕೆಯೂ ಇಲ್ಲಿ ಸಲ್ಲದು. ಅದು ಸ್ವಸಂಕಲ್ಪದ ವ್ರತ, ನಾಯಿಗೆ ಆ ಸಂಕಲ್ಪವಿಲ್ಲ.

ಆದರೆ ಹಿಂಸೆಯ ಮೂಲ ಪ್ರಮಾದವೆಂದೂ ನಮ್ಮ ಶಾಸ್ತ್ರವೇ ಹೇಳುತ್ತದೆ. ಪರೀಕ್ಷಿಸದೆ ಕೊಲ್ಲುವುದು ಪ್ರಮಾದ. ಕಚ್ಚುವುದೆಂದು ತಿಳಿದೂ ಕಟ್ಟದೆ, ಲಸಿಕೆ ಹಾಕಿಸದೆ, ಮಗುವೊಂದು ಬಲಿಯಾಗುವವರೆಗೆ ಕಾಯುವುದೂ ಪ್ರಮಾದವೇ. ಮೊದಲನೆಯದನ್ನು ಖಂಡಿಸುವ ನಾವು ಎರಡನೆಯದಕ್ಕೆ ದಯೆಯೆಂಬ ಹೆಸರು ಕೊಟ್ಟಿದ್ದೇವೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಗುಣವಾಗದ ಕಾಯಿಲೆಯ ಅಥವಾ ಮಾರಣಾಂತಿಕವಾಗಿ ಗಾಯಗೊಂಡ ಬೀದಿನಾಯಿಗಷ್ಟೇ ದಯಾಮರಣ ವಿಧಿಸುತ್ತವೆ. ಹುಚ್ಚಿನ ಪ್ರಬಲ ಶಂಕೆಯಿರುವ ನಾಯಿಯನ್ನು ಪ್ರತ್ಯೇಕವಾಗಿರಿಸಿ ಸಹಜಮರಣಕ್ಕೆ ಬಿಡುತ್ತವೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು, ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಸ್ಥಳಕ್ಕೇ ಬಿಡಬೇಕೆಂದೂ, ಹುಚ್ಚು ಹಿಡಿದ ಅಥವಾ ಆಕ್ರಮಣಶೀಲ ನಾಯಿಗಳನ್ನು ಬಿಡಕೂಡದೆಂದೂ ಹೇಳಿತು. ಹಾಗೆ ಉಳಿದ ನಾಯಿಯನ್ನು ಬಾಳಿನುದ್ದಕ್ಕೂ ಸಾಕುವವರು ಯಾರು? ಪಾಂಜರಪೋಳಗಳನ್ನು ಕಟ್ಟಿದ ಸಮಾಜ ಉತ್ತರಿಸಬೇಕಾದ ಪ್ರಶ್ನೆ ಇದು.

1928ರಲ್ಲಿ ಆಶ್ರಮದ ನರಳುವ ಕರುವನ್ನು ಸೂಜಿಯಿಂದ ಕೊಲ್ಲಿಸಿದಾಗ ಗಾಂಧೀಜಿ ಅದನ್ನು ಅಹಿಂಸೆಯೆಂದೇ ಕರೆದರು. ನನ್ನ ಆಕ್ಷೇಪ ಈ ಹೆಸರಿಗೆ. ಕೊನೆಯ ದಾರಿಯಾಗಿ ವೈದ್ಯನು ಮಾಡಿದರೂ ಅದು ಹಿಂಸೆಯೇ. ಹಾಗೆಂದು ಒಪ್ಪಿಕೊಂಡವನ ಮನಸ್ಸಿನಲ್ಲಿ ಅಳುಕು ಉಳಿಯುತ್ತದೆ. ಮುಂದಿನ ನಾಯಿ ಬಂದಾಗ ಅವನು ಅದರ ಕಿವಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು ಆ ಅಳುಕಿನಿಂದಲೇ.